ಎಫ್‌ಎಫ್‌ಎ ಅಂದರೇನು? ಕಣ್ಣಿನ ಸೋರಿಕೆ ಹಿಡಿಯುವ ಡೈ ಟೆಸ್ಟ್

ವಯಸ್ಸಾದ ಅಮ್ಮನಿಗೆ ಕಿಟಕಿಯ ನೆಟ್ಟನೆ ಸರಳು ಡೊಂಕಾಗಿ ಕಾಣುತ್ತದೆ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ಚೀಟಿಯಲ್ಲಿ ‘ಎಫ್‌ಎಫ್‌ಎ’ ಎಂದು ಬರೆದುಕೊಡಬಹುದು. ಬಿಡಿಸಿ ಹೇಳಿದರೆ ಫಂಡಸ್ ಫ್ಲೋರೆಸೀನ್ ಆಂಜಿಯೋಗ್ರಫಿ. ಆಂಜಿಯೋ ಅಂದ ಕೂಡಲೇ ಮನೆಯವರ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆಂಜಿಯೋಗ್ರಫಿ ಅಂದರೆ ರಕ್ತನಾಳಗಳ ಚಿತ್ರ ತೆಗೆಯುವುದು, ಅಷ್ಟೇ. ಫಂಡಸ್ ಅಂದರೆ ಕಣ್ಣಿನೊಳಗಿನ ಹಿಂಬದಿ. ಫ್ಲೋರೆಸೀನ್ ಒಂದು ಡೈ.

ಈ ಡೈಯನ್ನು 1871ರಲ್ಲಿ ತಯಾರಿಸಿದವರು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್. ಅಲ್ಲಿ ಡ್ಯಾನ್ಯೂಬ್ ನದಿ ಒಂದು ಕಡೆ ನೆಲದೊಳಗೆ ಇಂಗಿಹೋಗುತ್ತದೆ. 1877ರಲ್ಲಿ ಆ ಜಾಗದಲ್ಲಿ 10 ಕಿಲೋ ಡೈ ಸುರಿದರು. ಸುಮಾರು ಎರಡೂವರೆ ದಿನದ ಮೇಲೆ ದೂರದ ಆಖ್ ಎಂಬ ಊರಿನ ಬುಗ್ಗೆಯಲ್ಲಿ ಹಸಿರು ನೀರು ಉಕ್ಕಿತು! ಕಣ್ಣಿನಲ್ಲೂ ಇದರ ಕೆಲಸ ಅದೇ, ಕಾಣದ ಹರಿವನ್ನು ತೋರಿಸುವುದು. ಮನುಷ್ಯರ ರೆಟಿನಾದಲ್ಲಿ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ) ಡೈ ಹರಿಯುವುದನ್ನು ಫೋಟೋ ತೆಗೆದು 1961ರಲ್ಲಿ ಪ್ರಕಟಿಸಿದವರು ಅಮೆರಿಕದ ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್. ಕೆಲಸ ಶುರು ಮಾಡಿದಾಗ ಇಬ್ಬರೂ ಇನ್ನೂ ವೈದ್ಯಕೀಯ ವಿದ್ಯಾರ್ಥಿಗಳು.

ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸುತ್ತಾರೆ. ತೋಳಿನ ರಕ್ತನಾಳಕ್ಕೆ ಡೈ ಚುಚ್ಚುತ್ತಾರೆ. ಹತ್ತು–ಹದಿನೈದು ಸೆಕೆಂಡಿನಲ್ಲಿ ಅದು ಕಣ್ಣು ಮುಟ್ಟುತ್ತದೆ. ನೀಲಿ ಬೆಳಕು ಬಿಟ್ಟರೆ ರಕ್ತನಾಳಗಳು ಹಸಿರು–ಹಳದಿಯಾಗಿ ಹೊಳೆಯುತ್ತವೆ. ಹತ್ತು ನಿಮಿಷದವರೆಗೂ ಒಂದರ ಹಿಂದೊಂದು ಫೋಟೋ ತೆಗೆಯುತ್ತಾರೆ. ಇಷ್ಟು ಹೊತ್ತು ಯಾಕೆ?

ಡಾಕ್ಟರಿಗೆ ಬೇಕಿರುವುದು ಬರೀ ಆಕಾರವಲ್ಲ, ಸೋರಿಕೆ. ಆರೋಗ್ಯವಾಗಿರುವ ರೆಟಿನಾದ ರಕ್ತನಾಳ ಡೈಯನ್ನು ಹೊರಗೆ ಬಿಡುವುದಿಲ್ಲ. ಮ್ಯಾಕುಲಾ ಅಂದರೆ ರೆಟಿನಾದ ನಡುಭಾಗ. ವಯಸ್ಸಿನಿಂದ ಬರುವ ಮ್ಯಾಕುಲಾ ಸವೆತದಲ್ಲಿ ಒಣ, ಒದ್ದೆ ಎಂದು ಎರಡು ಬಗೆ. ಒದ್ದೆ ಬಗೆಯಲ್ಲಿ ಮ್ಯಾಕುಲಾದ ಕೆಳಗೆ ಹೊಸ, ಬಲವಿಲ್ಲದ ರಕ್ತನಾಳ ಬೆಳೆದು ಜಿನುಗುತ್ತದೆ. ಫೋಟೋಗಳಲ್ಲಿ ಹೊಳೆಯುವ ಚುಕ್ಕೆ ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯ ಹಾಗೆ ಹರಡುತ್ತಾ, ಅಂಚು ಮಸುಕಾಗುತ್ತಾ ಹೋಗುತ್ತದೆ. ಒಣ ಬಗೆಯಲ್ಲಿ ಸವೆದ ಜಾಗ ಹೊಳೆದರೂ ಹರಡುವುದಿಲ್ಲ. ಅಂಚು ಕತ್ತರಿಸಿಟ್ಟ ಹಾಗೆ ನಿಲ್ಲುತ್ತದೆ. ಈ ವ್ಯತ್ಯಾಸ ತುಂಬಾ ಮುಖ್ಯ. ಒದ್ದೆ ಬಗೆಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ, ತಡ ಮಾಡಿದಷ್ಟೂ ದೃಷ್ಟಿ ನಷ್ಟ ಜಾಸ್ತಿ.

ಟೆಸ್ಟ್ ಆದಮೇಲೆ ಕೆಲವು ಗಂಟೆ ಮೈ ಹಳದಿ ಕಾಣುತ್ತದೆ, ಮೂತ್ರ ಮರುದಿನದವರೆಗೂ ಗಾಢ ಹಳದಿ. ಕಾಮಾಲೆ ಅಂತ ಗಾಬರಿಯಾಗಬೇಡಿ. ಕೆಲವರಿಗೆ ಒಂದೆರಡು ನಿಮಿಷ ವಾಕರಿಕೆ ಬರುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೂ ಹಿಂದೆ ಯಾವುದಾದರೂ ಔಷಧಿ ಒಗ್ಗದಿದ್ದರೆ ಮೊದಲೇ ಹೇಳಿಬಿಡಿ.

ಇನ್ನೂ ಆಳದ ರಕ್ತನಾಳ ನೋಡಬೇಕಾದರೆ ಇಂಡೋಸಯನೀನ್ ಗ್ರೀನ್ ಎಂಬ ಬೇರೆ ಡೈ ಇದೆ. ಈಗ ಸೂಜಿಯೇ ಇಲ್ಲದ, ಬೆಳಕಿನಿಂದಲೇ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಬಂದು ಎಫ್‌ಎಫ್‌ಎ ಕಡಿಮೆಯಾಗಿದೆ. ಓಸಿಟಿ ಆಂಜಿಯೋಗ್ರಫಿಯಂತೂ ಹರಿಯುವ ರಕ್ತವನ್ನು ಡೈ ಇಲ್ಲದೆಯೇ ತೋರಿಸುತ್ತದೆ. ಆದರೆ ಸೋರುವುದನ್ನು ತೋರಿಸುವುದಿಲ್ಲ. ಹಾಗಾಗಿ ಅನುಮಾನ ಉಳಿದಾಗ ಇವತ್ತಿಗೂ ಸಿರಿಂಜಿಗೆ ಬರುವುದು ಅದೇ ಹಳೆಯ ಡೈ.