ಅಮೆರಿಕದ ಫೆನ್ಸಿಂಗ್‌ನಲ್ಲಿ ಯಾರಿಗೆ ಪ್ರವೇಶ, ಯಾರೊಡನೆ ಸ್ಪರ್ಧೆ: ಒಂದು ಸಂಘಟನೆ ಬದಲಾದ ಬಗೆ

ಅಮೆರಿಕದಲ್ಲಿ ಫೆನ್ಸಿಂಗ್ ಎಂಬ ಕತ್ತಿವರಸೆ ಕ್ರೀಡೆಯ ಆಡಳಿತ ನಡೆಸುವ ಯುಎಸ್‌ಎ ಫೆನ್ಸಿಂಗ್ ಸಂಸ್ಥೆಗೆ ಇಂದು ಸುಮಾರು 40 ಸಾವಿರ ಸದಸ್ಯರಿದ್ದಾರೆ. ಅವರಲ್ಲಿ ದೊಡ್ಡ ಪಾಲು ಶಾಲೆ, ಕಾಲೇಜುಗಳಿಗೆ ಹೋಗುವ ಮಕ್ಕಳದು. ನ್ಯೂ ಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿರುವ ಭಾರತೀಯ ಮೂಲದ ಕುಟುಂಬಗಳ ಮಕ್ಕಳೂ ಈ ಪಟ್ಟಿಯಲ್ಲಿದ್ದಾರೆ. ಆದರೆ 1891ರಲ್ಲಿ ನ್ಯೂಯಾರ್ಕ್‌ನಲ್ಲಿ ಈ ಸಂಸ್ಥೆ ಹುಟ್ಟಿದಾಗ ಅದರ ಸ್ಥಾಪಕರ ಮನಸ್ಸಿನಲ್ಲಿದ್ದ ಸದಸ್ಯನೇ ಬೇರೆ. ಆತ ಗಂಡಸು, ಬಿಳಿಯ, ಹಣವಂತ. ಜೊತೆಗೆ ಕತ್ತಿವರಸೆಯಿಂದ ಒಂದು ಡಾಲರ್ ಕೂಡ ಗಳಿಸದವನು. ಅಲ್ಲಿಂದ ಇಲ್ಲಿಯವರೆಗಿನ ದಾರಿಯಲ್ಲಿ ಸಂಸ್ಥೆ ಮತ್ತೆ ಮತ್ತೆ ಎದುರಿಸಿದ್ದು ಎರಡೇ ಪ್ರಶ್ನೆಗಳನ್ನು: ಯಾರನ್ನು ಸದಸ್ಯರೆಂದು ಒಪ್ಪಬೇಕು, ಮತ್ತು ಯಾರು ಯಾರ ಎದುರು ಸ್ಪರ್ಧಿಸಬಹುದು. ಈ ಎರಡಕ್ಕೂ ಸಿಕ್ಕ ಉತ್ತರಗಳು ಸಂಸ್ಥೆಯ ಒಳಗಿನಿಂದ ಬಂದದ್ದು ಕಡಿಮೆ. ಹೊರಗಿನ ಒತ್ತಡಕ್ಕೆ ಮಣಿದು ಕೊಟ್ಟದ್ದೇ ಹೆಚ್ಚು.

ಮೊದಲ ಹೆಸರು ‘ಅಮೆಚೂರ್ ಫೆನ್ಸರ್ಸ್ ಲೀಗ್ ಆಫ್ ಅಮೆರಿಕ’. ಅದಕ್ಕೂ ಮುನ್ನ ಫೆನ್ಸಿಂಗ್ ಸ್ಪರ್ಧೆಗಳು ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಎಂಬ, ಅನೇಕ ಆಟಗಳನ್ನು ಒಂದೇ ಸೂರಿನಡಿ ತಂದಿದ್ದ ಸಂಸ್ಥೆಯ ಕೈಯಲ್ಲಿದ್ದವು. ತಮ್ಮ ಆಟದ ಸೂಕ್ಷ್ಮ ಅರಿಯದವರು ತೀರ್ಪು ಕೊಡುವುದನ್ನು ಸಹಿಸದ ಫೆನ್ಸರ್‌ಗಳು ಬೇರೆಯಾಗಿ ಲೀಗ್ ಕಟ್ಟಿದರು. ಅದರ ಮೊದಲ ಅಧ್ಯಕ್ಷ ಗ್ರೇಮ್ ಹ್ಯಾಮಂಡ್ ವೃತ್ತಿಯಲ್ಲಿ ವೈದ್ಯರು. ದೀರ್ಘಕಾಲ ಅಧ್ಯಕ್ಷರಾಗಿದ್ದ ಅವರು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸ್ವತಃ ಸ್ಪರ್ಧಿಸಿದ್ದರು. ಹೆಸರಿನಲ್ಲಿದ್ದ ‘ಅಮೆಚೂರ್’, ಅಂದರೆ ಹವ್ಯಾಸಿ, ಎಂಬ ಮಾತು ಆ ದಿನಗಳಲ್ಲಿ ಒಂದು ಬೇಲಿಯೇ ಆಗಿತ್ತು. ಫ್ರಾನ್ಸ್, ಇಟಲಿಗಳಿಂದ ಬಂದು ಸಂಬಳಕ್ಕೆ ಪಾಠ ಹೇಳುತ್ತಿದ್ದ ಗುರುಗಳು ತಾವೇ ತಯಾರು ಮಾಡಿದ ಶಿಷ್ಯರ ಸ್ಪರ್ಧೆಯಲ್ಲಿ ಕತ್ತಿ ಹಿಡಿಯುವಂತಿರಲಿಲ್ಲ. ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಬೇಲಿಯ ಆಚೆ ನಿಂತಿದ್ದರು.

ಮಹಿಳೆಯರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ದೊರೆತದ್ದು 1912ರಲ್ಲಿ. ಅದೂ ಫಾಯಿಲ್ ಎಂಬ ಹಗುರ ಕತ್ತಿಯಲ್ಲಿ ಮಾತ್ರ. ಎಪೀ ಮತ್ತು ಸೇಬರ್ ಎಂಬ ಉಳಿದೆರಡು ಬಗೆಯ ಕತ್ತಿಗಳು ಹೆಂಗಸರ ದೇಹಕ್ಕೆ ಒಗ್ಗುವುದಿಲ್ಲ ಎಂಬ ನಂಬಿಕೆ ಅಮೆರಿಕದಲ್ಲಷ್ಟೇ ಅಲ್ಲ, ಇಡೀ ಕ್ರೀಡೆಯಲ್ಲಿ ಬೇರೂರಿತ್ತು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಫಾಯಿಲ್ 1924ರಲ್ಲೇ ಸೇರಿದರೂ ಎಪೀಗೆ 1996ರವರೆಗೆ, ಸೇಬರ್‌ಗೆ 2004ರವರೆಗೆ ಕಾಯಬೇಕಾಯಿತು.

ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಹೆಲೆನ್ ಮೇಯರ್ ಅವರ ಪ್ರಕರಣವನ್ನು ನೋಡಬೇಕು. ಯಹೂದಿ ತಂದೆಯ ಮಗಳಾಗಿದ್ದ ಈ ಜರ್ಮನ್ ಆಟಗಾರ್ತಿ 1928ರ ಒಲಿಂಪಿಕ್ ಚಿನ್ನ ಗೆದ್ದವರು. ನಾಜಿ ಆಡಳಿತ ಬಂದ ಮೇಲೆ ಕ್ಯಾಲಿಫೋರ್ನಿಯಾದಲ್ಲೇ ಉಳಿದು, 1934ರಿಂದ 1946ರ ನಡುವೆ ಎಂಟು ಬಾರಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದರು. ಮಹಿಳೆಯರಲ್ಲಿ ತಮಗೆ ಸರಿಸಾಟಿಯಾದ ಎದುರಾಳಿಗಳು ಸಿಗದೆ ಅವರು ಪುರುಷರ ಸ್ಪರ್ಧೆಗಳಲ್ಲೂ ಭಾಗವಹಿಸತೊಡಗಿದರು. 1938ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಂಥ ಒಂದು ಸ್ಪರ್ಧೆಯಲ್ಲಿ ಅವರು ಗೆದ್ದರು. ಗೆದ್ದ ಬೆನ್ನಲ್ಲೇ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಗಂಡು ಹೆಣ್ಣು ಎದುರುಬದುರಾಗಿ ಸ್ಪರ್ಧಿಸುವುದನ್ನೇ ಲೀಗ್ ನಿಷೇಧಿಸಿತು. ಸಭ್ಯ ಗಂಡಸಿಗೆ ಹೆಣ್ಣಿನೆದುರು ಪೂರ್ಣ ಬಲದಿಂದ ಆಡುವುದು ಕಷ್ಟ ಎಂಬುದು ಅದಕ್ಕೆ ಕೊಟ್ಟ ಕಾರಣ. ಸೋತವರ ಮುಜುಗರಕ್ಕೆ ನಿಯಮದ ರೂಪ ಕೊಟ್ಟ ಈ ತೀರ್ಮಾನವನ್ನು ಎಷ್ಟು ಉದಾರವಾಗಿ ಓದಿದರೂ ಸಮರ್ಥಿಸಿಕೊಳ್ಳಲಾಗದು. ಇಂದು ಅಮೆರಿಕದ ಸ್ಥಳೀಯ ಟೂರ್ನಿಗಳಲ್ಲಿ ಗಂಡು ಹೆಣ್ಣೆನ್ನದೆ ಒಟ್ಟಿಗೆ ಸ್ಪರ್ಧಿಸುವುದು ತೀರ ಸಾಮಾನ್ಯ ಸಂಗತಿ.

ಜನಾಂಗದ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಎರಡನೇ ಮಹಾಯುದ್ಧದ ನಂತರ, 1950ರ ಆಸುಪಾಸಿನಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಆಟಗಾರ್ತಿ ಸೋಫ್ರೋನಿಯಾ ಪಿಯರ್ಸ್ ಸ್ಟೆಂಟ್ ಅವರು ಲೀಗಿನ ಸದಸ್ಯತ್ವ ಪಡೆದ ಮೊದಲ ಕಪ್ಪು ಮಹಿಳೆಯಾದರು. ಸಂಸ್ಥೆ ಹುಟ್ಟಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಸದಸ್ಯತ್ವ ಸಿಕ್ಕರೂ ದಾರಿ ತೆರೆಯಿತೆಂದು ಹೇಳಲಾಗುತ್ತಿರಲಿಲ್ಲ, ಏಕೆಂದರೆ ಆ ಕಾಲದ ಫೆನ್ಸಿಂಗ್ ಬದುಕಿದ್ದುದೇ ಖಾಸಗಿ ಕ್ಲಬ್ಬುಗಳ ಆಶ್ರಯದಲ್ಲಿ. ಅಂಥ ಪ್ರತಿಷ್ಠಿತ ಕ್ಲಬ್ಬುಗಳಲ್ಲಿ ಒಂದಾದ ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ ಕಪ್ಪು ಜನರನ್ನು ಮತ್ತು ಯಹೂದಿಗಳನ್ನು ದೂರವಿಡುತ್ತಿತ್ತು ಎಂಬ ಕಾರಣಕ್ಕಾಗಿಯೇ 1968ರಲ್ಲಿ ಅದರ ಅಥ್ಲೆಟಿಕ್ ಕೂಟವನ್ನು ಕಪ್ಪು ಓಟಗಾರರು ಬಹಿಷ್ಕರಿಸಿದ್ದರು. ಲೀಗಿನ ನಿಯಮಾವಳಿಯಲ್ಲಿ ಬಣ್ಣದ ಮಾತು ಇರಲಿ ಬಿಡಲಿ, ಅಭ್ಯಾಸದ ಅಂಗಣ ಅಂಥ ಬಾಗಿಲುಗಳ ಹಿಂದಿದ್ದರೆ ಸದಸ್ಯತ್ವದ ಚೀಟಿಗೆ ಬೆಲೆ ಎಲ್ಲಿಂದ ಬರಬೇಕು? ಅದೇ 1968ರಲ್ಲಿ ಯುರಾಯ ಜೋನ್ಸ್ ಮೆಕ್ಸಿಕೋ ಒಲಿಂಪಿಕ್ಸ್‌ಗೆ ಆಯ್ಕೆಯಾಗಿ, ಅಮೆರಿಕದ ಫೆನ್ಸಿಂಗ್ ತಂಡದಲ್ಲಿ ಸ್ಥಾನ ಪಡೆದ ಮೊದಲ ಕಪ್ಪು ಆಟಗಾರರಾದರು. 1984ರಲ್ಲಿ ಸೇಬರ್ ಕಂಚು ಗೆದ್ದ ಪೀಟರ್ ವೆಸ್ಟ್‌ಬ್ರೂಕ್ 1991ರಲ್ಲಿ ನ್ಯೂಯಾರ್ಕ್‌ನಲ್ಲಿ ತಮ್ಮ ಪ್ರತಿಷ್ಠಾನ ಸ್ಥಾಪಿಸಿ, ಬಡ ಬಡಾವಣೆಗಳ ಮಕ್ಕಳಿಗೆ ಕತ್ತಿ ಹಿಡಿಯಲು ಕಲಿಸಿದರು. 2003ರಲ್ಲಿ ಪುರುಷರ ಸೇಬರ್‌ನಲ್ಲಿ ವಿಶ್ವದ ಅಗ್ರ ಶ್ರೇಯಾಂಕಕ್ಕೇರಿದ ಕೀತ್ ಸ್ಮಾರ್ಟ್ ಅಲ್ಲಿಂದಲೇ ಬಂದವರು. ರಾಷ್ಟ್ರೀಯ ಸಂಸ್ಥೆ ಮಾಡಬೇಕಿದ್ದ ಕೆಲಸವನ್ನು ಒಬ್ಬ ಆಟಗಾರ ಹೆಗಲಿಗೆ ಹೊತ್ತ ಕಥೆ ಇದು.

ಸ್ಪರ್ಧೆಯ ತೀರ್ಪಿನಲ್ಲೂ ಒಳಗಿನವರು, ಹೊರಗಿನವರು ಎಂಬ ವ್ಯತ್ಯಾಸ ಸುಳಿಯುತ್ತಿತ್ತು. ವಿದ್ಯುತ್ ಯಂತ್ರ ಬರುವ ಮೊದಲು ಪ್ರತಿ ಪಂದ್ಯಕ್ಕೂ ಐವರ ಮಂಡಳಿ ಇರುತ್ತಿತ್ತು. ಒಬ್ಬೊಬ್ಬ ಆಟಗಾರನ ಮೈಮೇಲೆ ಕಣ್ಣಿಡಲು ಇಬ್ಬಿಬ್ಬರು ತೀರ್ಪುಗಾರರು, ನಡುವೆ ಒಬ್ಬ ಅಧ್ಯಕ್ಷ. ಕತ್ತಿ ತಾಗಿತೇ ಇಲ್ಲವೇ ಎಂಬುದು ಮತದಿಂದ ತೀರ್ಮಾನವಾಗುತ್ತಿತ್ತು. ತೀರ್ಪುಗಾರನಿಗೆ ಒಂದು ಮತ, ಅಧ್ಯಕ್ಷನಿಗೆ ಒಂದೂವರೆ. ಇಬ್ಬರು ತೀರ್ಪುಗಾರರು ಒಂದೇ ಮಾತು ಹೇಳಿದರೆ ಅಧ್ಯಕ್ಷನೂ ಅದನ್ನು ಮೀರುವಂತಿರಲಿಲ್ಲ. ಅವರಲ್ಲಿ ಭಿನ್ನಮತ ಬಂದರೆ ಅಧ್ಯಕ್ಷನ ಮಾತೇ ಅಂತಿಮ. ಕಣ್ಣೆವೆ ಮಿಟುಕುವಷ್ಟರಲ್ಲಿ ಮುಗಿಯುವ ಚಲನೆಯ ಬಗ್ಗೆ ಮತ ಹಾಕುವಾಗ, ಹೆಸರಾಂತ ಕ್ಲಬ್ಬಿನ ಪರಿಚಿತ ಆಟಗಾರನಿಗೆ ಅನುಮಾನದ ಲಾಭ ಸಿಗುವುದು, ಎಲ್ಲಿಂದಲೋ ಬಂದ ಹೊಸಬನಿಗೆ ಸಿಗದಿರುವುದು ಮನುಷ್ಯ ಸಹಜವೇ ಆಗಿತ್ತು. 1936ರ ಒಲಿಂಪಿಕ್ಸ್‌ನಲ್ಲಿ ಎಪೀಗೆ, 1956ರಲ್ಲಿ ಫಾಯಿಲ್‌ಗೆ, 1992ರಲ್ಲಿ ಸೇಬರ್‌ಗೆ ವಿದ್ಯುತ್ ಯಂತ್ರ ಬಂತು. ಎಪೀ ಕತ್ತಿಯ ಸ್ಪ್ರಿಂಗ್ ಇರುವ ತುದಿಯನ್ನು 750 ಗ್ರಾಂ ಒತ್ತಡದಲ್ಲಿ ಚುಚ್ಚಿದರೆ ದೀಪ ಹೊತ್ತುತ್ತದೆ. ಚುಚ್ಚಿದವರು ಯಾರೆಂದು ಅದು ಕೇಳುವುದಿಲ್ಲ. ಯಾವ ನಿಯಮ ತಿದ್ದುಪಡಿಯೂ ಮಾಡದಷ್ಟು ಸಮಾನತೆಯನ್ನು ಈ ಸಣ್ಣ ಸ್ಪ್ರಿಂಗ್ ತಂದಿತು ಎಂದು ನನ್ನ ಅನಿಸಿಕೆ.

ಫಾಯಿಲ್ ಮತ್ತು ಸೇಬರ್‌ನಲ್ಲಿ ಮಾತ್ರ ದೀಪ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಇಬ್ಬರ ದೀಪವೂ ಹೊತ್ತಿದಾಗ ದಾಳಿಯ ಹಕ್ಕು ಯಾರದಾಗಿತ್ತು, ಅಂದರೆ ಅಂಕ ಯಾರಿಗೆ ಸಲ್ಲಬೇಕು ಎಂದು ರೆಫರಿಯೇ ಹೇಳಬೇಕು. ಹಾಗಾಗಿ ಹಳೆಯ ಸಂಶಯ ಪೂರ್ತಿ ಅಳಿದಿಲ್ಲ. 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ, ರಾಷ್ಟ್ರೀಯ ಟೂರ್ನಿಯೊಂದರ ಸೇಬರ್ ಪಂದ್ಯದ ವೇಳೆ ಪರಸ್ಪರ ಸಂವಹನ ನಡೆಸಿದರೆಂದು ಯುಎಸ್‌ಎ ಫೆನ್ಸಿಂಗ್ ತನ್ನ ಇಬ್ಬರು ರೆಫರಿಗಳನ್ನು ಒಂಬತ್ತು ತಿಂಗಳು ಅಮಾನತಿನಲ್ಲಿಟ್ಟಿತು.

ಸಂಘಟನೆಯ ಮೂಲ ಸ್ವರೂಪ ಬದಲಾದದ್ದು ಸಂಸತ್ತಿನಿಂದ. ಯಾವ ಆಟವನ್ನು ಯಾರು ಆಳಬೇಕೆಂಬ ದಶಕಗಳ ಜಗಳಕ್ಕೆ ತೆರೆ ಎಳೆಯಲು 1978ರಲ್ಲಿ ಅಮೆರಿಕ ಹವ್ಯಾಸಿ ಕ್ರೀಡಾ ಕಾಯ್ದೆ ತಂದಿತು. ಒಂದು ಆಟಕ್ಕೆ ಒಂದೇ ಮಾನ್ಯ ಸಂಸ್ಥೆ, ಅದರ ಆಡಳಿತ ಮಂಡಳಿಯಲ್ಲಿ ಕನಿಷ್ಠ ಐದರಲ್ಲೊಂದು ಪಾಲು ಆಟಗಾರರು, ತಾರತಮ್ಯವಿಲ್ಲದ ಸದಸ್ಯತ್ವ, ಅನ್ಯಾಯವಾದವರಿಗೆ ದೂರು ಕೊಡಲು ದಾರಿ: ಇವೆಲ್ಲ ಅಂದಿನಿಂದ ಸೌಜನ್ಯದ ಮಾತಾಗಿ ಉಳಿಯದೆ ಕಾನೂನಿನ ಷರತ್ತುಗಳಾದವು. 1981ರಲ್ಲಿ ಲೀಗ್ ತನ್ನ ಹಳೆಯ ಹೆಸರನ್ನು ಬಿಟ್ಟು ಯುನೈಟೆಡ್ ಸ್ಟೇಟ್ಸ್ ಫೆನ್ಸಿಂಗ್ ಅಸೋಸಿಯೇಷನ್ ಆಯಿತು. ‘ಅಮೆಚೂರ್’ ಎಂಬ ಪದ ಕಳಚಿ ಬಿತ್ತು. ಕ್ರಮೇಣ ಕಚೇರಿಯೂ ನ್ಯೂಯಾರ್ಕ್‌ನ ಪ್ರಭಾವ ವಲಯ ಬಿಟ್ಟು ಅಮೆರಿಕದ ಒಲಿಂಪಿಕ್ ಸಮಿತಿ ಇರುವ ಕೊಲರಾಡೋ ಸ್ಪ್ರಿಂಗ್ಸ್‌ಗೆ ಹೋಯಿತು. ಜಿಮ್ನಾಸ್ಟಿಕ್ಸ್‌ನ ವೈದ್ಯನೊಬ್ಬ ನೂರಾರು ಹುಡುಗಿಯರ ಮೇಲೆ ನಡೆಸಿದ ದೌರ್ಜನ್ಯ ಬಯಲಾದ ಮೇಲೆ ಎರಡನೇ ಅಲೆ ಬಂತು. 2017ರಲ್ಲಿ ಡೆನ್ವರ್‌ನಲ್ಲಿ, ಕ್ರೀಡೆಯಲ್ಲಿ ನಡೆಯುವ ದೌರ್ಜನ್ಯದ ದೂರುಗಳನ್ನು ವಿಚಾರಿಸುವ ಸೇಫ್‌ಸ್ಪೋರ್ಟ್ ಕೇಂದ್ರ ಆರಂಭವಾಯಿತು. 2020ರ ಕಾಯ್ದೆ ಮಂಡಳಿಗಳಲ್ಲಿ ಆಟಗಾರರ ಪಾಲನ್ನು ಮೂರರಲ್ಲೊಂದಕ್ಕೆ ಏರಿಸಿತು. ಈಗ ತರಬೇತುದಾರನಾಗಿ ಸದಸ್ಯತ್ವ ಬೇಕೆಂದರೆ ಹಣ ಕಟ್ಟಿದರಷ್ಟೇ ಸಾಲದು, ಹಿನ್ನೆಲೆ ಪರಿಶೀಲನೆಗೆ ಒಳಪಡಬೇಕು, ಮಕ್ಕಳ ರಕ್ಷಣೆಯ ಪಾಠ ಮುಗಿಸಿರಬೇಕು. ಸದಸ್ಯತ್ವ ಎಂಬುದು ಮೊದಲಿಗೆ ಗೌರವದ ಗುರುತಾಗಿತ್ತು. ಇಂದು ಅದು ಹೊಣೆಗಾರಿಕೆಯ ಕರಾರು. ಈ ಬದಲಾವಣೆ ತಡವಾಗಿ ಬಂತು ಎಂಬುದೊಂದೇ ನನ್ನ ತಕರಾರು.

2025ರ ವಿವಾದ ಇದೇ ಸಾಲಿನದು. ಮೇರಿಲ್ಯಾಂಡ್‌ನ ಟೂರ್ನಿಯಲ್ಲಿ ಆಟಗಾರ್ತಿಯೊಬ್ಬರು ಟ್ರಾನ್ಸ್‌ಜೆಂಡರ್ ಎದುರಾಳಿಯೊಡನೆ ಆಡಲೊಪ್ಪದೆ ಮಂಡಿಯೂರಿದರು. ಅಂಗಣಕ್ಕೆ ಬಂದು ಪಂದ್ಯ ನಿರಾಕರಿಸಿದರೆ ಕಪ್ಪು ಕಾರ್ಡ್ ಎಂಬುದು ನಿಯಮವಾದ್ದರಿಂದ ಅವರನ್ನು ಹೊರಹಾಕಲಾಯಿತು. ವಿಡಿಯೊ ದೇಶವಿಡೀ ಹರಡಿ, ಸಂಸತ್ತಿನ ಉಪಸಮಿತಿಯೊಂದು ಸಂಸ್ಥೆಯ ಮಂಡಳಿ ಅಧ್ಯಕ್ಷರನ್ನು ಕರೆಸಿ ಪ್ರಶ್ನಿಸಿತು. ಜುಲೈನಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿ ತನ್ನ ನೀತಿ ಬದಲಿಸಿತು. ಅದರ ಹಿಂದೆಯೇ ಯುಎಸ್‌ಎ ಫೆನ್ಸಿಂಗ್ ಕೂಡ ಮಹಿಳಾ ವಿಭಾಗದ ಅರ್ಹತೆಯನ್ನು ಬಿಗಿಗೊಳಿಸಿ, ಪುರುಷರ ವಿಭಾಗವನ್ನು ಉಳಿದ ಎಲ್ಲರಿಗೂ ತೆರೆಯಿತು. ಈ ನೀತಿಯ ಸರಿತಪ್ಪುಗಳ ಬಗ್ಗೆ ಸಂಸ್ಥೆಯ ಸದಸ್ಯರಲ್ಲೇ ತೀವ್ರ ಭಿನ್ನಾಭಿಪ್ರಾಯವಿದೆ. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿಯೂ ಕೊನೆಯ ಮಾತು ಸದಸ್ಯರದ್ದಾಗಿರಲಿಲ್ಲ.

ಸದಸ್ಯರ ಕೈಯಲ್ಲೇ ಇರುವ, ಆದರೆ ಸುದ್ದಿಯಾಗದ ವಿಷಯ ಸ್ಪರ್ಧೆಯ ಏಣಿ. ಅಮೆರಿಕದ ಪ್ರತಿ ಫೆನ್ಸರ್‌ಗೂ ಆಯಾ ಕತ್ತಿಯಲ್ಲಿ ‘ಎ’ಯಿಂದ ‘ಇ’ವರೆಗೆ ಒಂದು ದರ್ಜೆ ಇರುತ್ತದೆ, ಏನೂ ಗಳಿಸದವರು ‘ಯು’. ಹುಡುಗಿಯೊಬ್ಬಳು 2024ರಲ್ಲಿ ‘ಸಿ’ ಗಳಿಸಿದರೆ ಪಟ್ಟಿಯಲ್ಲಿ ಆಕೆಯ ಹೆಸರಿನೊಡನೆ ‘ಸಿ24’ ಎಂದಿರುತ್ತದೆ. ನಾಲ್ಕು ವರ್ಷದಲ್ಲಿ ಅದನ್ನು ಮತ್ತೆ ಗಳಿಸದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ದರ್ಜೆ ಗಳಿಸುವ ಬಗೆಯಲ್ಲೇ ಇಡೀ ಸಮಸ್ಯೆ ಅಡಗಿದೆ. ಆರು ಮಂದಿಯ ಸಣ್ಣ ಸ್ಪರ್ಧೆಯಲ್ಲಿ ಗೆದ್ದರೆ ‘ಇ’ ಸಿಗುತ್ತದೆ. ‘ಎ’ ಸಿಗಬೇಕಾದರೆ ಕನಿಷ್ಠ ಹದಿನೈದು ಮಂದಿ ಸೇರಬೇಕು, ಅವರಲ್ಲಿ ಎ, ಬಿ, ಸಿ ದರ್ಜೆಯವರು ನಿಗದಿತ ಸಂಖ್ಯೆಯಲ್ಲಿರಬೇಕು, ಸಾಲದೆಂಬಂತೆ ಅವರಲ್ಲಿ ಇಂತಿಷ್ಟು ಜನ ಮೊದಲ ಎಂಟರೊಳಗೆ ಬಂದಿರಬೇಕು. ಹೀಗೆ ಆಟಗಾರನ ದರ್ಜೆಯನ್ನು ಅವನ ಕೈಚಳಕದಷ್ಟೇ ಅಂದು ಆ ಹಾಲ್‌ನಲ್ಲಿ ಯಾರ್‍ಯಾರಿದ್ದರು ಎಂಬುದೂ ನಿರ್ಧರಿಸುತ್ತದೆ.

ನ್ಯೂ ಜೆರ್ಸಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಎತ್ತರದ ದರ್ಜೆಯವರು ಹೇರಳ. ಮೊಂಟಾನದಂಥ ವಿರಳ ಜನವಸತಿಯ ರಾಜ್ಯದ ಹುಡುಗ ತನ್ನ ಊರಿನಲ್ಲಿ ಎಲ್ಲರನ್ನೂ ಸೋಲಿಸಿದರೂ ಕೆಳದರ್ಜೆಯಲ್ಲೇ ಉಳಿಯುತ್ತಾನೆ. ಮೇಲೇರಬೇಕಾದರೆ ವಿಮಾನ ಹತ್ತಬೇಕು. ನಾರ್ತ್ ಅಮೆರಿಕನ್ ಕಪ್ ಎಂಬ ರಾಷ್ಟ್ರೀಯ ಸರಣಿ ವರ್ಷವಿಡೀ ಊರಿಂದೂರಿಗೆ ಸಾಗುತ್ತದೆ. ಅಲ್ಲಿಗೆ ಹೋಗಲು ಪ್ರವೇಶ ಶುಲ್ಕ, ಹೋಟೆಲ್, ಜೊತೆಗೆ ಬರುವ ತರಬೇತುದಾರನ ಖರ್ಚು ಎಲ್ಲವೂ ಕುಟುಂಬದ ಮೇಲೆಯೇ. ಹೆಸರಾಂತ ವಿಶ್ವವಿದ್ಯಾಲಯಗಳು ಪ್ರವೇಶದ ವೇಳೆ ಫೆನ್ಸರ್‌ಗಳನ್ನು ಹುಡುಕಿ ಸೇರಿಸಿಕೊಳ್ಳುವುದರಿಂದ, ಹಣವುಳ್ಳ ಪೋಷಕರು ಈ ಖರ್ಚನ್ನು ಹೂಡಿಕೆಯೆಂದು ಭಾವಿಸುತ್ತಾರೆ. ಹಣವಿಲ್ಲದವರ ಮಕ್ಕಳು ಏಣಿಯ ಕೆಳಗೇ ನಿಲ್ಲುತ್ತಾರೆ. ‘ಸಿ’ ಮತ್ತು ಅದರ ಕೆಳಗಿನವರಿಗೆ ಡಿವಿಷನ್ 2, ‘ಡಿ’ ಮತ್ತು ಅದರ ಕೆಳಗಿನವರಿಗೆ ಡಿವಿಷನ್ 3 ಎಂದು ರಾಷ್ಟ್ರೀಯ ಮಟ್ಟದಲ್ಲೇ ಬೇರೆ ಸ್ಪರ್ಧೆಗಳಿರುವುದು ಒಳ್ಳೆಯದೇ. 2010ರ ದಶಕದಲ್ಲಿ ಬಲಗೊಂಡ ಪ್ರಾದೇಶಿಕ ಸರಣಿಗಳು ಪ್ರಯಾಣವನ್ನು ತುಸು ತಗ್ಗಿಸಿದವು. ಸ್ಥಳೀಯ ಸ್ಪರ್ಧೆಗಷ್ಟೇ ಸಾಕಾಗುವ ಕಡಿಮೆ ಶುಲ್ಕದ ಸದಸ್ಯತ್ವವೂ ಬಂದಿದೆ.

ಆದರೆ ಪ್ರಾದೇಶಿಕ ಎಂಬುದೂ ಪಶ್ಚಿಮದ ರಾಜ್ಯಗಳಲ್ಲಿ ಒಂದು ದಿನದ ಕಾರು ಪ್ರಯಾಣವಾಗಬಹುದು. ದರ್ಜೆಯ ಕೋಷ್ಟಕವನ್ನು ತಿದ್ದಲು ಸಂಸತ್ತಿನ ಕಾಯ್ದೆ ಬೇಕಿಲ್ಲ, ಒಲಿಂಪಿಕ್ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ಹಾಜರಿದ್ದವರ ದರ್ಜೆಯನ್ನು ಎಣಿಸುವ ಬದಲು ಯಾರು ಯಾರನ್ನು ಸೋಲಿಸಿದರೆಂದು ಪಂದ್ಯವಾರು ಲೆಕ್ಕ ಹಾಕುವ, ಚೆಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರೇಟಿಂಗ್ ಕ್ರಮ ಕಣ್ಣೆದುರೇ ಇದೆ. ಪ್ರತಿ ಟೂರ್ನಿಯ ಫಲಿತಾಂಶವೂ ಕಂಪ್ಯೂಟರಿನಲ್ಲಿ ದಾಖಲಾಗುವ ಈ ಕಾಲದಲ್ಲಿ ಅದನ್ನು ಜಾರಿಗೆ ತರುವುದು ಅಸಾಧ್ಯವೇನಲ್ಲ. ಮಂಡಳಿಯಲ್ಲಿ ಮೂರನೇ ಒಂದು ಭಾಗ ಕುಳಿತಿರುವ ಆಟಗಾರ ಪ್ರತಿನಿಧಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು, ಮೊದಲಿಗೆ ಆಟಗಾರರು ವಿರಳವಾಗಿರುವ ಒಂದೆರಡು ಪ್ರಾಂತ್ಯಗಳಲ್ಲಾದರೂ ಪ್ರಯೋಗಿಸಿ ನೋಡಬೇಕು.