ನೋವು ತಲೆಯಲ್ಲಿ, ಕಳ್ಳ ಹೆಗಲಲ್ಲಿ

ಡೊಂಬಿವಲಿಯಿಂದ ಬೆಳಿಗ್ಗೆ ಮುಂಬೈ ಲೋಕಲ್ ಟ್ರೇನ್ ಹತ್ತಿದವರಿಗೆ ಕೂರಲು ಜಾಗ ಸಿಕ್ಕರೆ ಅದೇ ದೊಡ್ಡ ಪುಣ್ಯ. ನನಗೆ ಸಿಗುತ್ತಿರಲಿಲ್ಲ. ಬಲಗೈಯಲ್ಲಿ ಮೇಲಿನ ಹಿಡಿ, ಎದೆಗೆ ಅವುಚಿಕೊಂಡ ಬ್ಯಾಗು, ಹೀಗೇ ಮೂರು ವರ್ಷ. ಆಮೇಲೆ ಬಲಗಡೆ ಕಣತಲೆ ಸಿಡಿಯತೊಡಗಿತು. ಕಣ್ಣು ತೋರಿಸಿದೆ, ಹೊಸ ಕನ್ನಡಕ ಮಾಡಿಸಿದೆ. ನೋವು ಹಾಗೇ ಇತ್ತು.

ಕೊನೆಗೆ ಫಿಸಿಯೋಥೆರಪಿಯವರ ಹತ್ತಿರ ಹೋದೆ. ಮಂಗಳೂರು ಕಡೆಯವರು. ತಲೆ ಮುಟ್ಟಲೇ ಇಲ್ಲ. ಕತ್ತು ಹೆಗಲಿಗೆ ಇಳಿಯುವ ಕಡೆ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿದರು. ಒಳಗೆ ಬಿಗಿದ ಹುರಿಯಂಥದ್ದು, ಅದರಲ್ಲಿ ಕಾಳಿನಷ್ಟು ಗಂಟು. ಹಿಂಡಿದ್ದು ಹೆಗಲು, ಸಿಡಿದದ್ದು ಕಣತಲೆ!

"ಇದೇ ನೋವಾ ಮಾರಾಯ್ರೆ?"

ಅದೇ.

ಇದಕ್ಕೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಇದನ್ನು ಊರಿಗೆಲ್ಲ ಪರಿಚಯಿಸಿದವರು ಅಮೆರಿಕದ ಡಾಕ್ಟರ್ ಜಾನೆಟ್ ಟ್ರಾವೆಲ್. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟು, 1961ರಲ್ಲಿ ಶ್ವೇತಭವನದ ವೈದ್ಯೆಯಾದವರು.

ಗಂಟು ಅಂದರೆ ನಿಜವಾದ ಗಂಟಲ್ಲ. ಸ್ನಾಯುವಿನ ಒಂದು ಚೂರು ಬಿಗಿದುಕೊಂಡು, ಬಿಡಲಾರದೆ ಕೂತಿರುತ್ತದೆ ಎಂಬುದು ಚಾಲ್ತಿಯಲ್ಲಿರುವ ವಿವರಣೆ. ಸ್ನಾಯು ಬಿಗಿಯಲು ಮಾತ್ರ ಅಲ್ಲ, ಸಡಿಲವಾಗಲೂ ಶಕ್ತಿ ಬೇಕು. ಜೀವ ಹೋದಮೇಲೆ ಹೆಣ ಸೆಟೆದುಕೊಳ್ಳುವುದು ಅದಕ್ಕೇ ಅಲ್ವಾ? ಬಿಗಿದ ಚೂರು ಅಲ್ಲಿನ ಸಣ್ಣ ರಕ್ತನಾಳಗಳನ್ನೇ ಹಿಚುಕುತ್ತದೆ. ಆಮ್ಲಜನಕ ಕಡಿಮೆ, ಶಕ್ತಿ ಕಡಿಮೆ, ಸಡಿಲವಾಗುವ ದಾರಿಯೇ ಬಂದ್. ಅಲ್ಲಿ ಸೇರಿಕೊಳ್ಳುವ ರಾಸಾಯನಿಕಗಳು ನೋವಿನ ನರಗಳನ್ನು ಕೆಣಕುತ್ತವೆ. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಒಬ್ಬನದೇ ಹೆಗಲಲ್ಲಿ ಇಬ್ಬರು ಪರಿಣತರು ಬೇರೆ ಬೇರೆ ಕಡೆ ಗಂಟು ತೋರಿಸುವುದೂ ಉಂಟು.

ನೋವು ಬೇರೆ ಕಡೆ ಕಾಣಿಸಿಕೊಳ್ಳುತ್ತದೆ ಎನ್ನುವುದರಲ್ಲಿ ಮಾತ್ರ ಜಗಳವಿಲ್ಲ. 1938ರಲ್ಲೇ ಕೆಲ್‌ಗ್ರೆನ್ ಎಂಬ ಬ್ರಿಟಿಷ್ ವೈದ್ಯ ಸ್ನಾಯುಗಳಿಗೆ ಗಟ್ಟಿ ಉಪ್ಪುನೀರು ಚುಚ್ಚಿ ಇದನ್ನು ತೋರಿಸಿದ್ದ. ದಾದರ್ ಸ್ಟೇಷನ್ನಿನ ಸೇತುವೆ ನೆನೆಸಿಕೊಳ್ಳಿ. ಸೆಂಟ್ರಲ್ ಲೈನಿನವರೂ ವೆಸ್ಟರ್ನ್ ಲೈನಿನವರೂ ಅಲ್ಲೇ ನುಗ್ಗುತ್ತಾರೆ. ಯಾರು ಯಾವ ಗಾಡಿ ಇಳಿದವರು ಅಂತ ಹೇಗೆ ಹೇಳೋದು? ಬೆನ್ನುಹುರಿಯ ಮೇಲ್ತುದಿಯಲ್ಲೂ ಕತ್ತಿನ ಸುದ್ದಿ, ತಲೆಯ ಸುದ್ದಿ ಒಂದೇ ನರಕೋಶಕ್ಕೆ ಬಂದು ಬೀಳುತ್ತವೆ. ಮಿದುಳಿಗೆ ವಿಳಾಸ ತಪ್ಪುತ್ತದೆ.

ಹಾರ್ಟ್ ಅಟ್ಯಾಕ್‌ನಲ್ಲಿ ಎಡಗೈ ನೋಯುವುದೂ ಹೀಗೆಯೇ. ಹಾಗಾಗಿ ಎದೆ ಒತ್ತಿ, ಬೆವರಿ, ಕೈ ನೋಯುತ್ತಿದ್ದರೆ ಗಂಟು ಅಂದುಕೊಂಡು ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಓಡಿ.

ನನಗೆ ಹೇಳಿದ್ದು ಬಿಸಿ ಶಾಖ, ಮೆಲ್ಲಗೆ ಒತ್ತುವುದು, ಕತ್ತು ವಾಲಿಸಿ ಎಳೆಯುವುದು. ಮತ್ತೆ, ಹಿಡಿ ಹಿಡಿಯುವ ಕೈ ಬದಲಿಸುವುದು. ಈಗ ಠಾಣೆ ಬಂದ ಕೂಡಲೇ ಎಡಗೈಗೆ ದಾಟಿಸುತ್ತೇನೆ. ನೋವು ಜಾಸ್ತಿ ಇಲ್ಲ. ಕನ್ನಡಕ ಮಾತ್ರ ಮೂಗಿನ ಮೇಲೇ ಉಳಿದಿದೆ.