ಸಿಪಿಯು 30 ಪರ್ಸೆಂಟ್, ಆದರೂ ಚಟಪಟ

"ಸರ್, ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 30 ಪರ್ಸೆಂಟ್ ತೋರಿಸ್ತಿದೆ. ಆದ್ರೂ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಹಾಡು ಪ್ಲೇ ಮಾಡಿದ್ರೆ ಚಟಪಟ ಅನ್ನುತ್ತೆ. ಹೊಸ ಕಂಪ್ಯೂಟರ್ ತಗೊಳ್ಳಲಾ?"

ಮಿಕ್ಸಿಂಗ್ ಕೆಲಸಕ್ಕೆ ಕೂತ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತಗೋಬೇಡಿ. ಇವತ್ತಂತೂ ಬೇಡ.

ಆ 30 ಎಲ್ಲ ಕೋರ್‌ಗಳ ಸರಾಸರಿ. ಆಡಿಯೊಗೆ ಮುಖ್ಯವಾದದ್ದು ಸರಾಸರಿಯಲ್ಲ, ಗಡುವು. 48 ಕಿಲೋಹರ್ಟ್ಸ್‌ನಲ್ಲಿ ಬಫರ್, ಅಂದರೆ ಒಂದು ಸಲಕ್ಕೆ ತಯಾರಾಗುವ ದನಿಯ ತುಣುಕು, 128 ಸ್ಯಾಂಪಲ್ ಇಟ್ಟರೆ ಪ್ರತಿ ತುಣುಕೂ ಸುಮಾರು 2.7 ಮಿಲಿಸೆಕೆಂಡಿನೊಳಗೆ ತಯಾರಾಗಬೇಕು. ಒಂದೇ ಒಂದು ಕೋರ್ ತಡಮಾಡಿದರೂ ಚಟ್! ಉಳಿದವು ಸುಮ್ನೆ ಕೂತಿದ್ದರೂ ಅಷ್ಟೇ.

ಬೇರೆ ಬೇರೆ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಕೋರ್‌ಗೆ ಹಂಚಬಹುದು. ಒಂದೇ ಟ್ರ್ಯಾಕಿನಲ್ಲಿ ಸಾಲಾಗಿರುವ ಪ್ಲಗಿನ್‌ಗಳನ್ನು, ಅಂದರೆ ದನಿ ತಿದ್ದುವ ಪುಟ್ಟ ಸಾಫ್ಟ್‌ವೇರ್‌ಗಳನ್ನು, ಸಾಮಾನ್ಯವಾಗಿ ಹಂಚೋಕಾಗಲ್ಲ. ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದ ಹಾಗೆ, ಬೇಸ್-ಟ್ರೆಬಲ್ ಸರಿಮಾಡುವ ಇಕ್ಯೂ ಕೊಡದೆ, ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್‌ಗೆ ಕೆಲಸವಿಲ್ಲ. ಕೊನೆಯ ಚಾನೆಲ್ ಆದ ಮಾಸ್ಟರ್‌ದು ಇನ್ನೂ ಕಷ್ಟ. ಎಲ್ಲ ಟ್ರ್ಯಾಕ್ ಬಂದು ಸೇರುವವರೆಗೆ ಕಾದು, ಉಳಿದ ಚೂರು ಹೊತ್ತಿನಲ್ಲಿ ತನ್ನ ಕೆಲಸ ಮುಗಿಸಬೇಕು.

ಮೊನ್ನೆ ಒಬ್ಬ ಹುಡುಗ ಸೆಷನ್ ಕಳಿಸಿದ್ದ. ಭಾರ ಇಳಿಯಲಿ ಅಂತ ಹದಿನೈದು ಟ್ರ್ಯಾಕ್ ಮ್ಯೂಟ್ ಮಾಡಿದ್ದ, ಪಾಪ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಮ್ಯೂಟ್ ಆದ ಟ್ರ್ಯಾಕಿನ ಪ್ಲಗಿನ್ ಓಡುತ್ತಲೇ ಇರುತ್ತದೆ. ಮಾಸ್ಟರ್ ತೆರೆದರೆ ಲೀನಿಯರ್ ಫೇಸ್ ಇಕ್ಯೂ, ಮಲ್ಟಿಬ್ಯಾಂಡ್ ಕಂಪ್ರೆಸರ್, ಕೊನೆಗೆ 16 ಪಟ್ಟು ಓವರ್‌ಸ್ಯಾಂಪ್ಲಿಂಗ್ (ಅಷ್ಟು ಪಟ್ಟು ಹೆಚ್ಚು ಸ್ಯಾಂಪಲ್ ಲೆಕ್ಕ) ಹಾಕಿದ, ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್. ಎಲ್ಲವೂ ಕೊನೆಯ ಹಂತಕ್ಕೆ ಬೇಕಾಗುವ ಭಾರದ ಪ್ಲಗಿನ್‌ಗಳು. ಇನ್ನೂ ಹಾಡೇ ರೆಕಾರ್ಡ್ ಆಗಿಲ್ಲ! ಹೆಡ್‌ಫೋನಿನಲ್ಲಿ ತನ್ನ ದನಿ ತಡವಾಗಿ ಕೇಳಿಸುತ್ತಿದೆ ಅಂತ ಗಾಯಕಿ ಬೇರೆ ಗೊಣಗಿದ್ದರಂತೆ. ಕೇಳಿಸದೆ ಇರುತ್ತಾ? ಆ ಇಕ್ಯೂ ಒಂದೇ ಸಾಕು ತಡ ಮಾಡೋಕೆ. ಮೂರನ್ನೂ ತೆಗೆಸಿದೆ. ಬೈಪಾಸ್ (ಇದ್ದಲ್ಲೇ ಆಫ್) ಅಲ್ಲ, ಪೂರ್ತಿ ತೆಗೆಸಿದ್ದು. ಚಟಪಟ ನಿಂತಿತು, ದನಿಯೂ ಹೊತ್ತಿಗೆ ಸರಿಯಾಗಿ ಬಂತು.

ಉಳಿದದ್ದು ನಿಮಗೆ ಗೊತ್ತಿರುವುದೇ. ಹಾಡಿಸುವಾಗ ಬಫರ್ ಕಡಿಮೆ, ಮಿಕ್ಸ್ ಮಾಡುವಾಗ 1024. ಟ್ರ್ಯಾಕಿಗೊಂದು ರಿವರ್ಬ್ (ದನಿಗೆ ಗುಂಗು ಕೊಡುವ ಪ್ಲಗಿನ್) ಬೇಡ, ಒಂದೇ ರಿವರ್ಬ್‌ಗೆ ಎಲ್ಲವನ್ನೂ ಸೆಂಡ್ ಮಾಡಿ. ಭಾರದ ಸಿಂಥ್ (ಸಾಫ್ಟ್‌ವೇರ್ ವಾದ್ಯ) ಇದ್ದರೆ ಫ್ರೀಜ್ ಮಾಡಿ, ಅಂದರೆ ಅದರ ದನಿಯನ್ನು ಆಡಿಯೊ ಆಗಿ ಉಳಿಸಿಕೊಳ್ಳಿ. ಮೀಟರ್ ನೋಡಲೇಬೇಕಿದ್ದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನದ್ದೇ ನೋಡಿ.

ಸೆಷನ್ ನೋಡದೆ ಖಡಾಖಂಡಿತವಾಗಿ ಹೇಳಲಾರೆ. ಕೆಲವೊಮ್ಮೆ ತಪ್ಪು ಪ್ಲಗಿನ್‌ಗಳದ್ದೇ ಅಲ್ಲ, ಆಡಿಯೊ ಡ್ರೈವರ್‌ದೋ ಲ್ಯಾಪ್‌ಟಾಪಿನ ಪವರ್ ಸೇವಿಂಗ್‌ದೋ ಆಗಿರುತ್ತದೆ. ಆ ಹುಡುಗನ ಲ್ಯಾಪ್‌ಟಾಪಿನಲ್ಲಿ ಅದೂ ಆನ್ ಇತ್ತು.